ಹಾಳೆಯಲ್ಲಿದ್ದ ಪ್ರೋಗ್ರಾಮು

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ನಮ್ಮ ಪ್ರೆಸ್ಸಿನ ಕಂಪ್ಯೂಟರು ಗೊಟಕ್ ಅಂದಿತು. ಒಂದು ಸಲ ಕೊರಕೊರ ಸದ್ದು ಮಾಡಿತು, ಸುಟ್ಟ ವಾಸನೆ ಬಂತು, ಆಮೇಲೆ ಉಸಿರೇ ಇಲ್ಲ. ನಾನು ಎರಡು ವರ್ಷದಿಂದ ಬಡಕೊಂಡಿದ್ದೆ, ಅದಕ್ಕೆ ವಯಸ್ಸಾಗಿದೆ, ಒಳಗಿರುವುದನ್ನೆಲ್ಲ ಇನ್ನೊಂದು ಕಡೆ ನಕಲು ಮಾಡಿಡಿ ಅಂತ. ನಮ್ಮ ಮ್ಯಾನೇಜರು ಮಾಡಿಯೂ ಇಟ್ಟಿದ್ದರು. ಎಲ್ಲಿ? ಅದೇ ಕಂಪ್ಯೂಟರಿನ ಇನ್ನೊಂದು ಮೂಲೆಯಲ್ಲಿ! ಇಂಥ ಮಹಾಶಯರ ಕೈಕೆಳಗೆ ಇಷ್ಟು ವರ್ಷ ದುಡಿದೂ ನನ್ನ ತಲೆ ನೆಟ್ಟಗಿದೆಯೆಂದರೆ ಅದು ನನ್ನ ಹೆಚ್ಚುಗಾರಿಕೆ.

ನಮ್ಮದು ಬ್ರೈಲ್ ಪ್ರೆಸ್ಸು. ಕಣ್ಣು ಕಾಣದವರು ಬೆರಳಿನಿಂದ ಓದುವಂತೆ ದಪ್ಪ ಕಾಗದದ ಮೇಲೆ ಉಬ್ಬು ಚುಕ್ಕಿಗಳನ್ನು ಮೂಡಿಸುತ್ತೇವೆ. ಚುಕ್ಕಿ ಗುದ್ದುವ ಯಂತ್ರಕ್ಕೆ ನಾವಿಟ್ಟ ಹೆಸರು ಕುಟ್ಟಣ್ಣ. ನಾನು ಕರಡು ತಿದ್ದುವವಳು, ಹುಟ್ಟಿನಿಂದಲೇ ಕುರುಡಿ. ಅಯ್ಯೋ ಪಾಪ ಅನ್ನುವವರು ಬಾಗಿಲಲ್ಲೇ ನಿಂತು ಅಂದು ಹೋಗಬಹುದು, ನನಗೆ ಕೆಲಸವಿದೆ. ಮೂವತ್ತೊಂದು ವರ್ಷದಲ್ಲಿ ನನ್ನ ಬೆರಳು ತಪ್ಪಿಸಿಕೊಂಡು ಹೋದ ತಪ್ಪುಗಳನ್ನು ಒಂದೇ ಕೈಯಲ್ಲಿ ಎಣಿಸಬಹುದು.

ಮಾಮೂಲಿ ಅಕ್ಷರವನ್ನು ಚುಕ್ಕಿ ಮಾಡಿ ಕುಟ್ಟಣ್ಣನಿಗೆ ಹೇಳಿಕೊಡುವ ಪ್ರೋಗ್ರಾಮನ್ನು ಬರೆದವರು ನನ್ನ ಸೋದರಮಾವ. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ತೀರಿಕೊಂಡು ಮೂರು ವರ್ಷವಾಯಿತು. ಆ ಪ್ರೋಗ್ರಾಮು ಸತ್ತ ಕಂಪ್ಯೂಟರಿನ ಹೊಟ್ಟೆಯೊಳಗೆ ಸುಟ್ಟುಹೋಗಿತ್ತು. ಪಕ್ಕದ ಮೇಜಿನ ಮೇಲೆ ಹೋದ ವಾರವಷ್ಟೇ ಬಂದ ಹೊಸ ಕಂಪ್ಯೂಟರೊಂದು ಹೊಳೆಯುತ್ತ ಕೂತಿದೆ ಎಂದು ಎಲ್ಲರೂ ಹೇಳಿದರು. ಹೊಳೆದರೇನು ಬಂತು? ಅಂಗಡಿಯಲ್ಲಿ ಸಿಗುವ ಯಾವ ಪ್ರೋಗ್ರಾಮಿಗೂ ಹಳೆಯ ಕುಟ್ಟಣ್ಣನ ಜೊತೆ ಮಾತಾಡಲು ಬಾರದು.

ಇದೆಲ್ಲ ಮುಂದಿನ ತಿಂಗಳು ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಸೋಮವಾರ ಅಂಧರ ಶಾಲೆಯ ಹದಿನಾಲ್ಕು ಮಕ್ಕಳಿಗೆ ಹತ್ತನೇ ತರಗತಿಯ ಗಣಿತ ಪರೀಕ್ಷೆ. ಪ್ರಶ್ನೆಪತ್ರಿಕೆ ಮೊಹರು ಹಾಕಿದ ಲಕೋಟೆಯಲ್ಲಿ ನಮ್ಮ ಬೀರುವಿನಲ್ಲಿತ್ತು. ಶನಿವಾರ ಹನ್ನೊಂದು ಗಂಟೆಗೆ ಶಾಲೆಯ ವ್ಯಾನು ಬಂದು ಅಚ್ಚಾದ ಪ್ರತಿಗಳನ್ನು ಒಯ್ಯಬೇಕು.

"ಅದಕ್ಕೇನಂತೆ ಮೇಡಂ," ಅಂದರು ಮ್ಯಾನೇಜರು. "ಒಬ್ಬೊಬ್ಬರ ಪಕ್ಕ ಒಬ್ಬೊಬ್ಬರು ಕೂತು ಪ್ರಶ್ನೆ ಓದಿ ಹೇಳ್ತಾರೆ. ಮೊದಲೆಲ್ಲ ಹಾಗೇ ಇತ್ತಲ್ಲ. ಶಾಲೆಗೆ ಒಂದು ಕಾಗದ ಬರೆದುಬಿಡ್ತೀನಿ."

ನನ್ನ ಪಿತ್ತ ನೆತ್ತಿಗೇರಿತು. ಮೊದಲು ಹೇಗಿತ್ತು ಎಂದು ಅವರಿಗೇನು ಗೊತ್ತು? ನನ್ನ ಹತ್ತನೇ ತರಗತಿಯ ಗಣಿತ ಪರೀಕ್ಷೆಗೆ ಪ್ರಶ್ನೆ ಓದಲು ಬಂದವರು ಯಾವುದೋ ಕಚೇರಿಯ ಗುಮಾಸ್ತರು. ಒಂದು ಸಲ ಓದಿದರು, ತಿಳಿಯಲಿಲ್ಲ. ಎರಡನೇ ಸಲ ಬೇಗ ಬೇಗ ಓದಿದರು. ಮೂರನೇ ಸಲ ಕೇಳಿದಾಗ ಒಂದು ನಿಟ್ಟುಸಿರು ಬಿಟ್ಟು, ಗಡಿಯಾರದ ಪಟ್ಟಿ ಕಿಟಕ್ಕೆನ್ನಿಸಿ ಓದಿದರು. ನಾಲ್ಕನೇ ಸಲ ಕೇಳಲು ನನಗೆ ಬಾಯಿ ಬರಲಿಲ್ಲ. ನಾಚಿಕೆಯಿಂದ, ತಿಳಿಯಿತು ಎಂದು ಸುಳ್ಳು ಹೇಳಿ ಏನೋ ಬರೆಸಿದೆ. ನಪಾಸಾದೆ. ಲೆಕ್ಕ ನನಗೆ ಚೆನ್ನಾಗಿ ಬರುತ್ತಿತ್ತು ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ.

"ಕಾಗದ ಬರೆದು ಇಟ್ಕೊಳ್ಳಿ," ಅಂದೆ. "ಶನಿವಾರ ಹನ್ನೊಂದಕ್ಕೆ ಮುಂಚೆ ಅದನ್ನ ಕಳಿಸಿದ್ರೆ ನನ್ನಷ್ಟು ಕೆಟ್ಟವಳು ಇನ್ನೊಬ್ಬಳಿಲ್ಲ."

ಹೀಗೆ ಜಂಬ ಕೊಚ್ಚಿ ಹೊರಗೆ ಬಂದವಳಿಗೆ ಮುಂದೇನು ಮಾಡಬೇಕೋ ಗೊತ್ತಿರಲಿಲ್ಲ. ಬೇರೆ ದಾರಿಯಿಲ್ಲದೆ ನಾದಿನಿಗೆ ಫೋನು ಮಾಡಿದೆ. ನನ್ನ ಗಂಡನ ತಂಗಿ, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ನಮ್ಮಿಬ್ಬರದೂ ಎಣ್ಣೆ ಸೀಗೇಕಾಯಿ ಸಂಬಂಧ. ನಾನು ಫೋನು ಮಾಡಿದೆನೆಂದರೆ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದುಕೊಂಡು ಆಟೋ ಹಿಡಿದು ಓಡಿಬಂದಳು. ವಿಷಯ ತಿಳಿದ ಮೇಲೆ, "ಕಂಪ್ಯೂಟರ್ ಸತ್ತಿದ್ದಾ? ಸದ್ಯ!" ಅಂದಳು.

"ಸದ್ಯ ಏನೇ ಸದ್ಯ? ಒಳಗಿದ್ದ ಪ್ರೋಗ್ರಾಮೂ ಹೋಯ್ತು."

"ಹೋದ್ರೆ ಹೋಗ್ಲಿ ಅತ್ತಿಗೆ. ಅದು ಇದ್ದಿದ್ರೂ ಹೊಸ ಕಂಪ್ಯೂಟರಲ್ಲಿ ಓಡ್ತಿರಲಿಲ್ಲ, ಅದು ಹಳೇದಕ್ಕೇ ಅಂತ ಆಗಿದ್ದು. ನಿಮ್ಮ ಮಾವ ಬರೆದ ಕೋಡ್ ಎಲ್ಲಿದೆ ಹೇಳಿ."

"ಎರಡೂ ಒಂದೇ ಅಲ್ವೇನೆ?"

"ಅಲ್ಲ. ಮಾವ ಬರೆದದ್ದು ಮನುಷ್ಯರು ಓದೋ ಬರಹ. 'ಸಾಲು ತುಂಬಿದ್ರೆ ಹೀಗೆ ಮಾಡು, ಇಲ್ದಿದ್ರೆ ಹಾಗೆ ಮಾಡು' ಅಂತ. ಕಂಪ್ಯೂಟರಿಗೆ ಅದು ಒಂದಕ್ಷರ ತಿಳಿಯಲ್ಲ. ಅದಕ್ಕೆ ಗೊತ್ತಿರೋದು ಎರಡೇ, ಇದೆ ಅಥವಾ ಇಲ್ಲ. ಕಂಪೈಲರ್ ಅಂತ ಒಂದಿರುತ್ತೆ. ಅದು ಈ ಬರಹವನ್ನ ಮೊದಲಿಂದ ಕೊನೆವರೆಗೆ ಓದಿ, ತಪ್ಪಿದ್ರೆ ಬೈದು, ಸರಿ ಇದ್ರೆ ಎಲ್ಲಾನೂ ಇದೆ-ಇಲ್ಲಗಳಾಗಿ ಮಾಡಿ ಕೊಡುತ್ತೆ. ಹಳೇ ಕಂಪ್ಯೂಟರಿಗೆ ಬೇಕಾದ್ರೆ ಹಳೇದಕ್ಕೆ, ಹೊಸದಕ್ಕೆ ಬೇಕಾದ್ರೆ ಹೊಸದಕ್ಕೆ."

"ಇದೆ, ಇಲ್ಲ, ಅಷ್ಟೇನಾ?" ನನಗೆ ನಗು ಬಂತು. ಬ್ರೈಲ್‌ನಲ್ಲಿ ಒಂದು ಅಕ್ಷರಕ್ಕೆ ಆರು ಚುಕ್ಕಿಯ ಜಾಗ, ಅದಕ್ಕೆ ಮನೆ ಅನ್ನುತ್ತೇವೆ. ಚುಕ್ಕಿ ಇದೆ, ಅಥವಾ ಇಲ್ಲ. "ಲೇ, ಐದು ವರ್ಷದವಳಿದ್ದಾಗಿಂದ ನಾನು ಓದ್ತಿರೋದೇ ಅದನ್ನ! ಇನ್ನು ನಿನ್ನ ಕಂಪೈಲರು ಓದಿ ಬೈಯೋದು ಅಂದ್ಯಲ್ಲ, ಅದು ಕರಡು ತಿದ್ದೋ ಕೆಲಸ. ಅದೂ ನಂದೇ."

"ಮೊದಲು ಕೋಡ್ ತೋರಿಸಿ, ಆಮೇಲೆ ಜಂಬ," ಅಂದಳು ನಾದಿನಿ.

ಕೋಡು ನಮ್ಮ ಮನೆಯ ಗೋಡೆ ಬೀರುವಿನಲ್ಲಿತ್ತು. ಮಾವ ಪರದೆ ನೋಡಿ ಓದುವವರಲ್ಲವಲ್ಲ, ತಾವು ಬರೆದ ಒಂದೊಂದು ಸಾಲನ್ನೂ ಕುಟ್ಟಣ್ಣನ ಕೈಲಿ ದಪ್ಪ ಹಾಳೆಯ ಮೇಲೆ ಗುದ್ದಿಸಿ ಬೆರಳಲ್ಲಿ ಓದಿ ತಿದ್ದುತ್ತಿದ್ದರು. ಇನ್ನೂರ ಹನ್ನೆರಡು ಹಾಳೆ, ಒಂಬತ್ತು ಕಟ್ಟು. ಒಂಬತ್ತನೆಯ ಕಟ್ಟಿಗೆ ಗೋಡೆಯ ತೇವ ತಗುಲಿ ಚುಕ್ಕಿಗಳು ಅಪ್ಪಚ್ಚಿಯಾಗಿ ಹೋಗಿದ್ದವು. ಬೆರಳಿಗೆ ಬರಿಯ ಮೆತ್ತನೆ ಕಾಗದ ಸಿಕ್ಕಿತು.

"ಕೊನೇ ಕಟ್ಟಲ್ವಾ, ಬರೀ ಟಿಪ್ಪಣಿ ಇರಬಹುದು," ಅಂದಳು ನಾದಿನಿ. ಇರಲಿ ಎಂದು ನಾನೂ ಹೂಂಗುಟ್ಟಿದೆ.

ಅವಳು ಕಾಲೇಜಿಗೆ ರಜೆ ಹಾಕಿದಳು. ಮಂಗಳವಾರ ಮಧ್ಯಾಹ್ನದಿಂದ ಗುರುವಾರ ಮಧ್ಯಾಹ್ನದವರೆಗೆ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ನಾನು ಬೆರಳಲ್ಲಿ ಓದುವುದು, ಅವಳು ಹೊಸ ಕಂಪ್ಯೂಟರಿನಲ್ಲಿ ಟೈಪು ಮಾಡುವುದು. ಓದಿ ಓದಿ ನನ್ನ ತೋರುಬೆರಳು ಜೋಮು ಹಿಡಿಯಿತು, ಗಂಟಲು ಕಟ್ಟಿತು. ನಡುನಡುವೆ ಮಾವ ತಮಗಾಗಿ ಬರೆದುಕೊಂಡ ಮಾತುಗಳೂ ಬರುತ್ತಿದ್ದವು. ಸಾಲಿನ ಮೊದಲಿಗೆ ಒಂದು ಗುರುತು ಹಾಕಿದರೆ ಆ ಸಾಲನ್ನು ಕಂಪೈಲರು ಓದದೆ ದಾಟಿಕೊಂಡು ಹೋಗುತ್ತದಂತೆ. ನೂರ ನಲವತ್ತನೇ ಹಾಳೆಯಲ್ಲಿ ಹೀಗಿತ್ತು: "ಸೊಸೆ ಹೇಳಿದ್ದೇ ಸರಿ, ನಂದೇ ತಪ್ಪು. ಅವಳಿಗೆ ಹೇಳಬೇಡಿ." ಸೊಸೆ ಎಂದರೆ ನಾನೇ, ತಂಗಿಯ ಮಗಳು. ಬದುಕಿದ್ದಾಗ ಒಂದು ದಿನ ಒಪ್ಪಿಕೊಂಡವರಲ್ಲ ಮಹಾನುಭಾವರು! ಅದೇ ಸಾಲಿನ ಮೇಲೆ ಮತ್ತೆ ಮತ್ತೆ ಬೆರಳಾಡಿಸಿದೆ. ನಾದಿನಿ ಟೈಪು ಮಾಡುವುದನ್ನು ನಿಲ್ಲಿಸಿ, ಒಂದು ಲೋಟ ನೀರು ತಂದು ನನ್ನ ಕೈಗಿಟ್ಟಳು.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಅವಳು ಕಂಪೈಲರನ್ನು ಓಡಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

"ಆಯ್ತಾ?" ಅಂದೆ.

"ಆಯ್ತು. ಮುನ್ನೂರ ನಲವತ್ತೊಂದು ತಪ್ಪು ಅಂತಿದೆ."

ಮುನ್ನೂರ ನಲವತ್ತೊಂದು! ತಪ್ಪು ಅವಳದೇ ಇರಬೇಕೆಂದು ಹರಿಹಾಯ್ದೆ. ಟೈಪು ಮಾಡುವಾಗ ನಿದ್ದೆ ಹೊಡೆಯುತ್ತಿದ್ದೆಯಾ ಅಂದೆ, ಮಕ್ಕಳಿಗೆ ಇದೇ ಚಂದಕ್ಕೆ ಪಾಠ ಹೇಳ್ತೀಯಾ ಅಂದೆ. ಅವಳೂ ಬಿಡಲಿಲ್ಲ. ಐದು ನಿಮಿಷ ಇಬ್ಬರೂ ಬಾಯಿ ಜೋರು ಮಾಡಿದ ಮೇಲೆ ಅವಳೇ ತಣ್ಣಗಾಗಿ ಹೇಳಿದಳು.

"ಅಷ್ಟೂ ತಪ್ಪು ನಿಜವಾದ್ದಲ್ಲ ಅತ್ತಿಗೆ. ಎಲ್ಲೋ ಒಂದು ಬ್ರ್ಯಾಕೆಟ್ ತೆರೆದಿದೆ, ಮುಚ್ಚಿಲ್ಲ. ಕೋಣೆಗೆ ಬಾಗಿಲು ಹಾಕದೆ ಬಂದ ಹಾಗೆ. ಆಮೇಲೆ ಬರೋದೆಲ್ಲ ಆ ಕೋಣೆಯೊಳಗೇ ಇದೆ ಅಂತ ಕಂಪೈಲರ್ ತಿಳ್ಕೊಂಡು, ಕೊನೆವರೆಗೂ ತಪ್ಪು ತಪ್ಪು ಅಂತ ಕೂಗ್ತಿದೆ. ನೀವು ಮುಚ್ಚೋ ಬ್ರ್ಯಾಕೆಟ್ ಎಲ್ಲಾದ್ರೂ ಬಿಟ್ರಾ?"

"ನಾನಾ? ಬಿಡೋದಾ?" ಎಂದು ಬಾಯಿ ತೆಗೆದವಳು ಅಲ್ಲೇ ಮುಚ್ಚಿಕೊಂಡೆ.

ನಮ್ಮ ಪ್ರೆಸ್ಸಿನಲ್ಲಿ ಒಂದು ಪದ್ಧತಿಯಿದೆ. ಪುಸ್ತಕದ ಪ್ರತಿ ಹಾಳೆಯ ಕೊನೆಯ ಸಾಲನ್ನು ಮುಂದಿನ ಹಾಳೆಯ ತಲೆಯಲ್ಲಿ ಮತ್ತೊಮ್ಮೆ ಗುದ್ದುತ್ತೇವೆ. ಬಿಡಿ ಹಾಳೆ ಕಲಸಿಹೋದರೂ ಓದುವವರಿಗೆ ಯಾವುದರ ಮುಂದೆ ಯಾವುದು ಎಂದು ತಿಳಿಯಲಿ ಅಂತ. ಕರಡು ಗಟ್ಟಿಯಾಗಿ ಓದುವಾಗ ಆ ಎರಡನೇ ಸಾಲನ್ನು ಹಾರಿಸುವುದು ನನಗೆ ಉಸಿರಾಡಿದಷ್ಟು ಅಭ್ಯಾಸ. ಆದರೆ ಮಾವನ ಕೋಡು ಪುಸ್ತಕವಲ್ಲ, ಅದರಲ್ಲಿ ಯಾವ ಸಾಲೂ ಮರುಕಳಿಸಿರಲಿಲ್ಲ. ಒಂದು ಹಾಳೆ ಮುಚ್ಚುವ ಬ್ರ್ಯಾಕೆಟ್ಟಿನಲ್ಲಿ ಮುಗಿದು, ಮುಂದಿನದು ಇನ್ನೊಂದು ಮುಚ್ಚುವ ಬ್ರ್ಯಾಕೆಟ್ಟಿನಿಂದ ಶುರುವಾದರೆ, ಅದೇ ಸಾಲು ಎಂದುಕೊಂಡು ನಾನು ಎರಡನೆಯದನ್ನು ನುಂಗಿ ಹಾಕಿದ್ದೆ!

ಮೂವತ್ತೊಂದು ವರ್ಷದ ಕರಡು ತಿದ್ದುವವಳು, ಇನ್ನೊಬ್ಬರ ತಪ್ಪಿಗೆ ಮೂಗು ಮುರಿಯುವವಳು, ನಾದಿನಿಯ ಎದುರು ತಪ್ಪೊಪ್ಪಿಕೊಳ್ಳಬೇಕಾಯಿತು. "ನಂದೇ ಕಣೆ ತಪ್ಪು," ಅಂದೆ.

"ಏನಂದ್ರಿ? ಇನ್ನೊಂದ್ಸಲ ಹೇಳಿ, ಅಣ್ಣನಿಗೆ ಫೋನ್ ಹಚ್ತೀನಿ," ಅಂದಳು ಹಾಳಾದವಳು.

ಸಂಜೆಯವರೆಗೆ ಹಾಳೆಯ ಬುಡ, ಹಾಳೆಯ ತಲೆ, ಬುಡ, ತಲೆ ಎಂದು ಒಂದೊಂದನ್ನೇ ಮುಟ್ಟುತ್ತ ಬಂದೆ. ಹನ್ನೊಂದು ಬ್ರ್ಯಾಕೆಟ್ಟು ಸಿಕ್ಕವು. ಶುಕ್ರವಾರ ಬೆಳಿಗ್ಗೆ ಅವನ್ನೆಲ್ಲ ಸೇರಿಸಿ ಕಂಪೈಲ್ ಮಾಡಿದಾಗ ಒಂದೂ ತಪ್ಪಿಲ್ಲ. ನಾನು ಕುರ್ಚಿಯಿಂದ ಎದ್ದು ಕುಣಿಯುವುದರಲ್ಲಿದ್ದೆ. ನಾದಿನಿ ನನ್ನ ಸೆರಗು ಹಿಡಿದು ಕೂರಿಸಿದಳು.

"ಇನ್ನೂ ಒಂದು ಹಂತ ಇದೆ. ಈಗ ಆಗಿರೋದು ಬಿಡಿ ಬಿಡಿ ತುಂಡುಗಳು. ಅವನ್ನ ಒಂದಕ್ಕೊಂದು ಜೋಡಿಸಬೇಕು. ಒಂದು ತುಂಡು ಇನ್ನೊಂದನ್ನ ಹೆಸರು ಹಿಡಿದು ಕರೆದ್ರೆ ಅದು ಅಲ್ಲಿ ಇರಬೇಕು." ಅವಳು ಗುಂಡಿ ಒತ್ತಿದಳು. "ಅತ್ತಿಗೆ, 'ಸಾಲುಮುರಿ' ಅಂತ ಒಂದು ತುಂಡನ್ನ ಇಪ್ಪತ್ತು ಕಡೆ ಕರೆದಿದ್ದಾರೆ. ಅದೇ ಇಲ್ಲ."

ಹಾಳಾದ ಒಂಬತ್ತನೇ ಕಟ್ಟು! ಅದರಲ್ಲಿದ್ದದ್ದು ಟಿಪ್ಪಣಿಯಲ್ಲ. ಒಂದು ಸಾಲನ್ನು ಎಲ್ಲಿ ಮುರಿದು ಮುಂದಿನ ಸಾಲಿಗೆ ಹೋಗಬೇಕು ಎಂದು ತೀರ್ಮಾನಿಸುವ ಭಾಗ. ಅದಿಲ್ಲದೆ ಪ್ರೋಗ್ರಾಮು ಆಗುವುದೇ ಇಲ್ಲ. ನಾನು ತಲೆಮೇಲೆ ಕೈ ಹೊತ್ತು ಕೂತೆ. ಮ್ಯಾನೇಜರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, "ಪ್ರಯತ್ನ ಪಟ್ರಲ್ಲ ಮೇಡಂ, ಅದೇ ದೊಡ್ಡದು. ಆ ಕಾಗದ ಕಳಿಸಿಬಿಡ್ಲಾ?" ಅಂದರು. ಮೆತ್ತಗೇ ಅಂದರು. ಅದಕ್ಕೇ ಇನ್ನಷ್ಟು ಉರಿಯಿತು.

"ಸಾಲು ಮುರಿಯೋದರಲ್ಲಿ ಅಂಥ ಕಷ್ಟ ಏನಿದೆ?" ಎಂದು ನಾದಿನಿ ತನ್ನಷ್ಟಕ್ಕೆ ಎಂಬಂತೆ ಕೇಳಿದಳು. "ಸಾಲು ತುಂಬಿದ ಕಡೆ ಕತ್ತರಿಸಿದ್ರೆ ಆಯ್ತು."

"ಏನಂದೆ? ತುಂಬಿದ ಕಡೆ ಕತ್ತರಿಸೋದಾ? ಗಣಿತದಲ್ಲಾ?" ನಾನು ಎದ್ದು ನಿಂತೆ. "ಕಳೆಯೋ ಚಿಹ್ನೆ ಸಾಲಿನ ಕೊನೇಲಿ ಉಳಿದು, ಸಂಖ್ಯೆ ಕೆಳಗೆ ಹೋದ್ರೆ ಮಗು ಮೈನಸ್ ಐದನ್ನ ಐದು ಅಂತ ಓದುತ್ತೆ! ಚಿಹ್ನೆ ಸಂಖ್ಯೆ ಜೊತೇಲೇ ಹೋಗಬೇಕು. ಸಮೀಕರಣ ಉದ್ದ ಆದ್ರೆ ಸಮ ಚಿಹ್ನೆಗೆ ಮುಂಚೆ ಮುರಿಬೇಕು, ಕೆಳಗಿನ ಸಾಲನ್ನ ಎರಡು ಮನೆ ಒಳಗೆ ತಗೋಬೇಕು. ಬ್ರ್ಯಾಕೆಟ್ ತೆರೆದು ಸಾಲಿನ ತುದೀಲಿ ಒಂಟಿಯಾಗಿ ಬಿಡಬಾರದು. ಈ ವಿಷಯಕ್ಕೆ ಮಾವನ ಹತ್ರ ಎಷ್ಟು ವರ್ಷ ಜಗಳ ಆಡಿದೀನಿ ಗೊತ್ತಾ? ಒಂದೊಂದು ಕಟ್ಟಳೇನೂ ನಾನು ಹೇಳಿ ಹೇಳಿ ಹಾಕಿಸಿದ್ದು!"

"ಹಾಗಾದ್ರೆ ಬರೀರಿ," ಅಂದಳು ನಾದಿನಿ.

"ಏನು ಬರೀಲಿ?"

"ಸಾಲುಮುರಿ. ಅದು ನಿಮ್ಮ ತಲೇಲೇ ಇದೆಯಲ್ಲ. ಮೂರು ದಿನ ಐದು ಸಾವಿರ ಸಾಲು ಓದಿದೀರಿ, ಕೋಡ್ ಬರೆಯೋ ರೀತಿ ಹೇಗಿರುತ್ತೆ ಅಂತ ನಿಮಗೀಗ ನನಗಿಂತ ಚೆನ್ನಾಗಿ ಗೊತ್ತು." ಅವಳು ತನ್ನ ಕುರ್ಚಿ ಬಿಟ್ಟು ಎದ್ದು ಕೀಲಿಮಣೆಯನ್ನು ನನ್ನ ಮುಂದಕ್ಕೆ ತಳ್ಳಿದಳು.

ಐವತ್ತೆರಡು ವರ್ಷದ ನಪಾಸಾದ ಹೆಂಗಸು ನಾನು. ಶಾಲೆಯಲ್ಲಿ ಟೈಪು ಕಲಿತದ್ದು ಬೆರಳಿನಲ್ಲಿ ಉಳಿದಿತ್ತು, ಅದೇ ಪುಣ್ಯ. ಒಂದು ಸಾಲಿಗೆ ಮೂವತ್ತೆರಡು ಮನೆ. ಪದ ತಗೋ, ಮನೆ ಎಣಿಸು. ಹಿಡಿಸಿದರೆ ಈ ಸಾಲಿಗೆ ಹಾಕು. ಹಿಡಿಸದಿದ್ದರೆ ಹಿಂದೆ ಚಿಹ್ನೆಯಿದೆಯೇ ನೋಡು, ಇದ್ದರೆ ಅದನ್ನೂ ಕರೆದುಕೊಂಡು ಕೆಳಗೆ ಹೋಗು. ನಾನು ಒಂದು ಕಟ್ಟಳೆ ಹೇಳಿದರೆ ನಾದಿನಿ "ಆಮೇಲೆ?" ಅನ್ನುವಳು. "ಅಷ್ಟೇ" ಅಂದರೆ "ಅಷ್ಟೇ ಅಲ್ಲ, ಆಮೇಲೆ?" ಅನ್ನುವಳು. ನಮಗೆ ತಾನಾಗೇ ತಿಳಿಯುವುದನ್ನೆಲ್ಲ ಕಂಪ್ಯೂಟರಿಗೆ ಬಿಡಿಸಿ ಹೇಳಬೇಕು. ಆ ಪೆದ್ದಿಗೆ ಹೇಳಿದಷ್ಟೇ ಗೊತ್ತು. ಸಂಜೆ ಐದಕ್ಕೆ ತೊಂಬತ್ತಾರು ಸಾಲಾಯಿತು. ಕಂಪೈಲರು ನಾಲ್ಕು ಸಲ ಬೈದಿತು, ಐದನೇ ಸಲ ಸುಮ್ಮನಾಯಿತು. ತುಂಡುಗಳೂ ಕೂಡಿಕೊಂಡವು. ಪ್ರೋಗ್ರಾಮು ಆಗಿತ್ತು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಪ್ರೆಸ್ಸಿನ ಬಾಗಿಲು ತೆಗೆಸಿ, ಹೋದ ವರ್ಷದ ಪ್ರಶ್ನೆಪತ್ರಿಕೆ ಕೊಟ್ಟು ಪರೀಕ್ಷೆ ಮಾಡಿದೆವು. ನಾಲ್ಕು ದಿನ ಸುಮ್ಮನಿದ್ದ ಕುಟ್ಟಣ್ಣ ಧಡಧಡ ಗುದ್ದತೊಡಗಿದ. ಒಂದು ಸಾಲು ಚೆನ್ನಾಗಿ ಬಂತು. ಆಮೇಲೆ ಒಂದು ಪದ ಗುದ್ದಿದ, ಕಾಗದ ಜಾರಿಸಿದ. ಇನ್ನೊಂದು ಪದ, ಮತ್ತೆ ಜಾರಿಸಿದ. ಸಾಲಿಗೊಂದೇ ಪದ! ಹಾಳೆ ಮೇಲೆ ಹಾಳೆ ನನ್ನ ಕಾಲ ಬಳಿ ಬೀಳುತ್ತಿತ್ತು.

"ನಿಲ್ಸಿ, ನಿಲ್ಸಿ! ಕಾಗದವೆಲ್ಲ ಹೋಯ್ತು!" ಎಂದು ಮ್ಯಾನೇಜರು ಓಡಿಬಂದು ತಂತಿಯನ್ನೇ ಕಿತ್ತರು.

ಮೊದಲನೇ ಸಾಲು ಸರಿ, ಮಿಕ್ಕದ್ದೆಲ್ಲ ಒಂಟಿ ಪದ. ನಾನು ಆ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸುತ್ತ ಯೋಚಿಸಿದೆ. ಸಾಲು ತುಂಬುವ ತನಕ ಎಣಿಸು ಅಂದಿದ್ದೆ. ತುಂಬಿದರೆ ಹೊಸ ಸಾಲಿಗೆ ಹೋಗು ಅಂದಿದ್ದೆ. ಹೊಸ ಸಾಲಿಗೆ ಹೋದ ಮೇಲೆ... "ಅಯ್ಯೋ ನನ್ನ ಬುದ್ಧಿಗಿಷ್ಟು! ಎಣಿಕೆಯನ್ನ ಮತ್ತೆ ಸೊನ್ನೆಯಿಂದ ಶುರು ಮಾಡು ಅಂತ ನಾನು ಹೇಳೇ ಇಲ್ಲ ಕಣೆ! ಸಾಲು ಇನ್ನೂ ತುಂಬೇ ಇದೆ ಅಂತ ಪಾಪ ಅದು ಪದಕ್ಕೊಂದು ಸಲ ಕೆಳಗೆ ಓಡ್ತಿದೆ."

ನಾದಿನಿ ಬಾಯಿ ಬಿಡುವ ಮೊದಲೇ ನಾನು ಕೀಲಿಮಣೆಯ ಮುಂದಿದ್ದೆ. ಒಂದೇ ಒಂದು ಸಾಲು ಸೇರಿಸಿದೆ. ಕಂಪೈಲ್ ಮಾಡಿದೆ, ನಾನೇ ಮಾಡಿದೆ. ಕುಟ್ಟಣ್ಣ ಗುದ್ದಿದ. ಹಾಳೆ ಬಿಸಿಬಿಸಿಯಾಗಿ ಕೈಗೆ ಬಂತು. ಸಾಲುಗಳು ತುಂಬಿದ್ದವು, ಚಿಹ್ನೆಗಳು ಸಂಖ್ಯೆಯ ಕೈಬಿಟ್ಟಿರಲಿಲ್ಲ, ಉದ್ದನೆಯ ಸಮೀಕರಣ ಸಮ ಚಿಹ್ನೆಗೆ ಮುಂಚೆ ಮುರಿದು ಎರಡು ಮನೆ ಒಳಗೆ ಕೂತಿತ್ತು. "ಬಂತೂ!" ಎಂದು ನಾನು ಕಿರುಚಿದ್ದು ಬೀದಿಯವರೆಗೂ ಕೇಳಿಸಿತಂತೆ. ನಾದಿನಿ ನನ್ನನ್ನು ತಬ್ಬಿಕೊಂಡಳು. ಮದುವೆಯಾಗಿ ಬಂದು ಇಪ್ಪತ್ತೆಂಟು ವರ್ಷಕ್ಕೆ ಮೊದಲನೇ ಸಲ.

ಅವಳನ್ನು ಹೊರಗೆ ಕಳಿಸಿ, ಮ್ಯಾನೇಜರು ಲಕೋಟೆಯ ಮೊಹರು ಒಡೆದು, ಮೂಲ ಪ್ರತಿಯ ಜೊತೆಗಿದ್ದ ಪೆನ್‌ಡ್ರೈವಿನಿಂದ ನಿಜವಾದ ಪ್ರಶ್ನೆಪತ್ರಿಕೆಯನ್ನು ಕಂಪ್ಯೂಟರಿಗೆ ಕೊಟ್ಟರು. ಹದಿನಾಲ್ಕು ಪ್ರತಿ ಅಚ್ಚಾದವು. ಮ್ಯಾನೇಜರು ಮೂಲ ಪ್ರತಿ ಓದುತ್ತ ಹೋದರು, ನಾನು ಬೆರಳಿನಿಂದ ಮೂರು ಸಲ ತಾಳೆ ನೋಡಿದೆ. ಒಂದು ಚುಕ್ಕಿಯೂ ಆಚೀಚೆ ಆಗಿರಲಿಲ್ಲ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಕಟ್ಟು ವ್ಯಾನಿಗೆ ಹೋಯಿತು. ಮ್ಯಾನೇಜರು ತಾವು ಬರೆದಿದ್ದ ಕಾಗದವನ್ನು ನನ್ನೆದುರೇ ಪರಪರ ಹರಿದರು. ಆ ಸದ್ದು ಎಷ್ಟು ಇಂಪಾಗಿತ್ತು ಅನ್ನುತ್ತೀರಿ!

ಅಚ್ಚಿನಲ್ಲಿ ಏನಾದರೂ ಅನುಮಾನ ಬಂದರೆ ಇರಲಿ ಎಂದು ಪರೀಕ್ಷೆಯ ಕೊಠಡಿಯಲ್ಲಿ ಪ್ರೆಸ್ಸಿನವರೊಬ್ಬರು ಕೂರುವುದು ವಾಡಿಕೆ. ಸೋಮವಾರ ನಾನೇ ಹೋದೆ. ಹದಿನಾಲ್ಕು ಮಕ್ಕಳ ಬೆರಳು ಕಾಗದದ ಮೇಲೆ ಸರಸರ ಹರಿಯುವುದು ಬಿಟ್ಟರೆ ಸದ್ದಿರಲಿಲ್ಲ. ಯಾರೂ ಯಾರಿಗೂ ಓದಿ ಹೇಳುತ್ತಿರಲಿಲ್ಲ. ಅಷ್ಟಕ್ಕೇ ನನಗೆ ಹೊಟ್ಟೆ ತುಂಬಿತ್ತು.

ಅರ್ಧ ಗಂಟೆ ಕಳೆದಿರಬಹುದು. ಎರಡನೇ ಸಾಲಿನಿಂದ ಒಬ್ಬ ಹುಡುಗಿಯ ದನಿ ಬಂತು. "ಸಾರ್, ಎಂಟನೇ ಪ್ರಶ್ನೆ ತಪ್ಪಾಗಿದೆ."

ಎಂಟನೇ ಪ್ರಶ್ನೆಯಲ್ಲಿ ಸಂಖ್ಯೆಗಳ ನಡುವೆಯೇ ಸಾಲು ಮುರಿದಿತ್ತು. ನನ್ನ ಕೋಡೇ ಕೈಕೊಟ್ಟಿತೇ?

"ಪ್ರಶ್ನೆ ಎಲ್ಲಾ ಸರಿ ಇರುತ್ತಮ್ಮ. ಸರಿಯಾಗಿ ಓದು," ಅಂದರು ಮೇಲ್ವಿಚಾರಕರು.

"ಸರಿಯಾಗೇ ಓದಿದೀನಿ ಸಾರ್. ತ್ರಿಭುಜದ ಬಾಹುಗಳು ಆರು, ಏಳು, ಹದಿನೈದು ಸೆಂಟಿಮೀಟರ್, ವಿಸ್ತೀರ್ಣ ಕಂಡುಹಿಡಿಯಿರಿ ಅಂತಿದೆ. ಆರೂ ಏಳೂ ಸೇರಿದ್ರೆ ಹದಿಮೂರೇ ಆಗೋದು. ಆ ಎರಡು ಗೆರೆ ತುದಿ ಮುಟ್ಟೋದೇ ಇಲ್ಲ. ಇಂಥ ತ್ರಿಭುಜ ಇರೋಕೇ ಆಗಲ್ಲ."

ನಾನು ತಡವರಿಸಿಕೊಂಡು ಅವಳ ಮೇಜಿಗೆ ಹೋಗಿ ಬೆರಳಿಟ್ಟೆ. ಆರು, ಏಳು, ಹದಿನೈದು. ಮೂರು ಸಲ ಓದಿ ಕಳಿಸಿದವಳು ನಾನೇ, ಆದರೆ ಚುಕ್ಕಿ ನೋಡಿದ್ದೆ, ಲೆಕ್ಕ ನೋಡಿರಲಿಲ್ಲ. ಮೇಲ್ವಿಚಾರಕರು ಕಣ್ಣಿದ್ದವರ ಪ್ರಶ್ನೆಪತ್ರಿಕೆ ತರಿಸಿ ಬಿಡಿಸಿದರು. ಅದರಲ್ಲೂ ಆರು, ಏಳು, ಹದಿನೈದು. ಪ್ರಶ್ನೆ ತೆಗೆದವರದೇ ತಪ್ಪು. ಬೇರೆ ಕೊಠಡಿಗಳಲ್ಲಿ ಕೂತಿದ್ದ ಸಾವಿರಾರು ಮಕ್ಕಳಲ್ಲಿ ಅಲ್ಲಿಯತನಕ ಯಾರೂ ಅದನ್ನು ಹೇಳಿರಲಿಲ್ಲ. ಮೇಲ್ವಿಚಾರಕರು ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದು, ಎಂಟನೇ ಪ್ರಶ್ನೆಯನ್ನು ಎಲ್ಲ ಕಡೆ ರದ್ದು ಮಾಡಿದ್ದಾರೆ, ಎಲ್ಲರಿಗೂ ಅದರ ಅಂಕ ಕೊಡುತ್ತಾರೆ ಎಂದು ಸಾರಿದರು.

"ಅದು ಹೇಗಮ್ಮ ನಿನಗೆ ಅಷ್ಟು ಧೈರ್ಯವಾಗಿ ಹೇಳೋಕಾಯ್ತು?" ಎಂದು ಹುಡುಗಿಯನ್ನು ಕೇಳಿದರು.

"ಐದು ಸಲ ಓದಿದೆ ಸಾರ್," ಅಂದಳು ಅವಳು.

ಐದು ಸಲ! ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟೆ, ಶಿಳ್ಳೆ ಹೊಡೆಯಲು ಬರುತ್ತಿದ್ದರೆ ಅದನ್ನೂ ಹೊಡೆಯುತ್ತಿದ್ದೆ. ಪರೀಕ್ಷೆಯ ಕೊಠಡಿಯಲ್ಲಿ ಗಲಾಟೆ ಮಾಡಿದ್ದಕ್ಕೆ ಮೇಲ್ವಿಚಾರಕರು ನನ್ನನ್ನು ಆಚೆಗೆ ಕಳಿಸಿದರು. ನಗುತ್ತಲೇ ಹೋದೆ.